ಹಾಜರಿ ಹಾಕಿ ಮನೆಯಲ್ಲಿ ಇರಿಸಬೇಡಿ, ತರಗತಿಯಲ್ಲಿ ಕೂರಿಸಿಕೊಳ್ಳಿ

ಬಾಗಲಕೋಟೆ ಜಿಲ್ಲೆಯ ಎಲ್ಲ ಶಾಲೆಗಳ ಮುಖ್ಯ ಗುರುಗಳಿಗೆ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮತ್ತು ಶಾಲಾ ಶಿಕ್ಷಣ ಇಲಾಖೆಯ ಮಾನ್ಯ ಉಪನಿರ್ದೇಶಕರಿಗೆ,

ಇಳಕಲ್‌ನಿಂದ ಒಬ್ಬ ತಾಯಿಯ ನಮಸ್ಕಾರಗಳು.

ನನ್ನ ಮಗನಿಗೆ ಎಂಟು ವರ್ಷ. ಅವನಿಗೆ ಆಟಿಸಂ ಇದೆ, ಅಂದರೆ ಮಿದುಳು ಬೆಳೆದ ಬಗೆಯೇ ಬೇರೆ, ಮಾತಾಡುವ, ಬೆರೆಯುವ ರೀತಿಯೂ ಬೇರೆ. ಮನೆ ಹತ್ತಿರದ ಶಾಲೆಯಲ್ಲಿ ಅವನ ಹೆಸರಿದೆ. ಹಾಜರಿ ಪುಸ್ತಕದಲ್ಲಿದೆ, ಇಲಾಖೆ ಮಕ್ಕಳ ಮಾಹಿತಿ ಇಡುವ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿದೆ, ಬಿಸಿಯೂಟದ ಲೆಕ್ಕದಲ್ಲೂ ಇದೆ. ಮಗ ಮಾತ್ರ ಮನೆಯಲ್ಲಿದ್ದಾನೆ. ಕಳೆದ ವರ್ಷ ದಸರಾ ರಜೆ ಮುಗಿದ ಮೇಲೆ ಅಲ್ಲಿನ ಗುರುಗಳು ನನ್ನನ್ನು ಕರೆಸಿದರು. ತುಂಬ ಸಮಾಧಾನವಾಗಿಯೇ ಮಾತಾಡಿದರು. "ನೋಡವಾ ತಂಗಿ, ಅವಂಗೂ ತ್ರಾಸು, ನಮಗೂ ತ್ರಾಸು. ಮನ್ಯಾಗ ಇಟ್ಕೊ. ಹಾಜರಿ ನಾವು ಹಾಕ್ತೀವಿ, ಪಾಸೂ ಮಾಡ್ತೀವಿ. ನೀ ಏನೂ ಚಿಂತಿ ಮಾಡಬ್ಯಾಡ" ಅಂದರು.

ಆ ಮಾತಿಗಾಗಿಯೇ ಈ ಪತ್ರ. ಶಾಲೆಯ ಹೆಸರು ಬರೆಯುವುದಿಲ್ಲ, ಗುರುಗಳ ಹೆಸರನ್ನೂ ಬರೆಯುವುದಿಲ್ಲ. ಅವರೊಬ್ಬರನ್ನೇ ಬಯ್ದರೆ ನನ್ನ ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ಹುನಗುಂದ, ಗುಳೇದಗುಡ್ಡ, ಜಮಖಂಡಿ ಕಡೆಯ ತಾಯಂದಿರೂ ಇದೇ ಮಾತು ಕೇಳಿಸಿಕೊಂಡು ಬಂದಿದ್ದಾರೆ. ಶಬ್ದಗಳೂ ಹೆಚ್ಚು ಕಡಿಮೆ ಅವೇ. ಸಿಟ್ಟಿನಿಂದ ಯಾರೂ ಹೇಳುವುದಿಲ್ಲ, ಉಪಕಾರ ಮಾಡುವವರ ಹಾಗೆ ಹೇಳುತ್ತಾರೆ. ಅದಕ್ಕೇ ಎದುರಾಡಲು ಬಾಯಿ ಬರುವುದಿಲ್ಲ. ಮಗುವಿನ ಕೈ ಹಿಡಿದುಕೊಂಡು ಸುಮ್ನೆ ವಾಪಸ್ ಬರುತ್ತೇವೆ.

ನನ್ನ ಮಗ ಎಂಥವನು ಅಂತ ಮೊದಲು ಹೇಳಬೇಕು. ನಾವು ನೇಕಾರರು. ನಮ್ಮ ಯಜಮಾನರು ಕೈಮಗ್ಗದಲ್ಲಿ ಸೀರೆ ನೇಯುತ್ತಾರೆ, ನಾನು ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತೇನೆ. ಮಗ ನನ್ನ ಪಕ್ಕ ಕೂತು ರಾಟೆ ತಿರುಗುವುದನ್ನೇ ನೋಡುತ್ತಾನೆ. ಆಮೇಲೆ ಬುಟ್ಟಿಯಲ್ಲಿರುವ ಕಂಡಿಕೆಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಸಾಲಾಗಿ ಜೋಡಿಸುತ್ತಾನೆ. ಕೆಂಪಿನಲ್ಲಿ ಎರಡು ಥರ ಇದ್ದರೆ, ಒಂದು ದಾಳಿಂಬೆಯ ಕೆಂಪು, ಇನ್ನೊಂದು ಕುಂಕುಮದ ಕೆಂಪು, ಅವನ್ನು ಬೇರೆ ಬೇರೆ ಸಾಲು ಮಾಡುತ್ತಾನೆ. ಮನೆಯ ಮಂದ ಬೆಳಕಿನಲ್ಲಿ ನನಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡಬೇಕು. ಅವನಿಗೆ ಕೂತಲ್ಲೇ ಗೊತ್ತಾಗುತ್ತದೆ.

ಮಾತು ಕಡಿಮೆ. ಇರುವ ಮಾತೂ ಬೇರೆ ರೀತಿ. "ನೀರು ಬೇಕೇನು?" ಅಂದರೆ ಅವನೂ "ನೀರು ಬೇಕೇನು?" ಅನ್ನುತ್ತಾನೆ. ಅಂದರೆ ಬೇಕು ಅಂತ. ಬೇಡವಾಗಿದ್ದರೆ ಮುಖ ಆ ಕಡೆ ತಿರುಗಿಸುತ್ತಾನೆ. ಆಟಿಸಂ ಇರುವ ಎಷ್ಟೋ ಮಕ್ಕಳು ಹೀಗೆ ಕೇಳಿದ ಮಾತನ್ನೇ ತಿರುಗಿ ಹೇಳುತ್ತಾರೆ. ಮಾತು ಕಲಿಯಲು ಅವರು ಹಿಡಿಯುವ ದಾರಿ ಅದು. ಎರಡನೇ ತರಗತಿಯಲ್ಲಿ ಹೊಸ ಶಿಕ್ಷಕರು ಬಂದು "ನಿನ್ನ ಹೆಸರೇನು?" ಅಂತ ಕೇಳಿದರು. ಇವನು "ನಿನ್ನ ಹೆಸರೇನು?" ಅಂದ. ತರಗತಿಯೆಲ್ಲ ನಕ್ಕಿತು. ಅಣಕಿಸುತ್ತಿದ್ದಾನೆ ಅಂತ ತಿಳಿದು ಅವರು ಅಂಗೈ ಮೇಲೆ ಪಟ್ಟಿಯಿಂದ ಹೊಡೆದರು. ಯಾಕೆ ಹೊಡೆದರು ಅಂತ ನನ್ನ ಮಗನಿಗೆ ಇವತ್ತಿಗೂ ತಿಳಿದಿಲ್ಲ. ಅವನ ಮಟ್ಟಿಗೆ ಅವನು ಉತ್ತರ ಕೊಟ್ಟಿದ್ದ. ಯಾವ ಮಗುವಿಗೂ ಶಾಲೆಯಲ್ಲಿ ಹೊಡೆಯುವಂತಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಉತ್ತರ ಕೊಟ್ಟ ಮಗುವಿಗೆ ಹೊಡೆದರೆ ಅದು ಇನ್ನು ಮೇಲೆ ಬಾಯಿ ಬಿಡುತ್ತದಾ ಗುರುಗಳೇ?

ಇನ್ನೊಂದು ವಿಷಯ ಸದ್ದಿನದು. ಬೆಳಿಗ್ಗೆ ಪ್ರಾರ್ಥನೆಗೆ ಮೈಕು ಹಚ್ಚುತ್ತಾರೆ. ಕಬ್ಬಿಣದ ತುಂಡಿಗೆ ಬಡಿದು ಗಂಟೆ ಹೊಡೆಯುತ್ತಾರೆ. ಮಧ್ಯಾಹ್ನ ನೂರಾರು ತಾಟುಗಳು ಒಟ್ಟಿಗೆ ಕಲ್ಲಿನ ನೆಲಕ್ಕೆ ತಾಗುತ್ತವೆ. ನಮಗೆ ನಿಮಗೆ ಇದು ಶಾಲೆಯ ಸದ್ದು, ಅಷ್ಟೇ. ನನ್ನ ಮಗ ಎರಡೂ ಕಿವಿ ಮುಚ್ಚಿಕೊಳ್ಳುತ್ತಾನೆ, ಕಣ್ಣು ಮುಚ್ಚುತ್ತಾನೆ, ಗೋಡೆ ಕಡೆ ಓಡುತ್ತಾನೆ. ತಡೆದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾನೆ. ಇದನ್ನು ನೋಡಿ "ಹಠಮಾರಿ" ಅಂತಾರೆ. ಹಠ ಮಾಡುವ ಮಗುವನ್ನು ನೀವೆಲ್ಲ ನೋಡಿದ್ದೀರಿ. ಅದು ಅಳುತ್ತಲೇ ಯಾರು ನೋಡುತ್ತಿದ್ದಾರೆ ಅಂತ ಓರೆಗಣ್ಣಲ್ಲಿ ನೋಡುತ್ತದೆ, ಕೇಳಿದ್ದು ಸಿಕ್ಕ ಕೂಡಲೇ ಸುಮ್ಮನಾಗುತ್ತದೆ. ನನ್ನ ಮಗ ಯಾರನ್ನೂ ನೋಡುವುದಿಲ್ಲ, ಏನನ್ನೂ ಕೇಳುವುದಿಲ್ಲ. ಸದ್ದು ನಿಂತರೆ ಸಾಕು ಅವನಿಗೆ. ಸದ್ದು, ಬೆಳಕು, ಮುಟ್ಟುವಿಕೆ ಇವು ಇಂಥ ಮಕ್ಕಳಿಗೆ ತೀರಾ ಜಾಸ್ತಿ ಅಥವಾ ತೀರಾ ಕಡಿಮೆ ಅನಿಸುತ್ತವೆ. ವೈದ್ಯರು ಆಟಿಸಂ ಗುರುತಿಸಲು ಬಳಸುವ ಡಿಎಸ್‌ಎಂ-5 ಪಟ್ಟಿಯಲ್ಲಿ 2013ರಿಂದ ಇದೂ ಒಂದು ಲಕ್ಷಣ.

ಪಾಲಕರ ಸಭೆಯಲ್ಲಿ ನಮಗೆ ಹೇಳುವ ಕೆಲವು ಮಾತುಗಳ ಬಗ್ಗೆಯೂ ಬರೆಯಬೇಕು. ಮೊಬೈಲ್ ಕೊಟ್ಟು ಕೆಡಿಸಿದಿರಿ. ಒಂದೇ ಮಗ, ಮುದ್ದು ಜಾಸ್ತಿ ಆಯಿತು. ತಾಯಿ ಸರಿಯಾಗಿ ಮಾತಾಡಿಸಿಲ್ಲ. ಎಲ್ಲರೆದುರು ಇದನ್ನು ಕೇಳಿಸಿಕೊಂಡು ತಲೆ ತಗ್ಗಿಸಿ ಕೂರುವ ತಾಯಂದಿರು ನಿಮ್ಮ ಶಾಲೆಗಳಲ್ಲೂ ಇದ್ದಾರೆ. ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದ ಮೇಲೆ ಆಟಿಸಂ ಬೇರೆಯೇ ಒಂದು ಸ್ಥಿತಿ ಅಂತ ಗುರುತಿಸತೊಡಗಿದರು. ಆಮೇಲೆ ಎಷ್ಟೋ ವರ್ಷ ದೊಡ್ಡ ದೊಡ್ಡ ವೈದ್ಯರೇ ತಾಯಿಯ ಪ್ರೀತಿ ಕಡಿಮೆಯಾಗಿ ಹೀಗಾಗುತ್ತದೆ ಅಂದರು. ಅದು ಸುಳ್ಳು ಅಂತ ಆಮೇಲೆ ತಿಳಿಯಿತು. ಲಸಿಕೆಯಿಂದ ಬರುತ್ತದೆ ಅಂತ 1998ರಲ್ಲಿ ಒಂದು ಬರಹ ಬಂತು. ಅದನ್ನು ಅಚ್ಚು ಹಾಕಿದ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಮಗು ಹುಟ್ಟುವ ಮೊದಲೇ ಮಿದುಳು ಬೆಳೆಯುವ ಬಗೆಯಲ್ಲೇ ಇದರ ಬೇರು ಇದೆ. ದಯವಿಟ್ಟು ತಾಯಿಯ ಮೇಲೆ ಹೊರಿಸಬೇಡಿ.

ಶಾಲೆಯಲ್ಲಿ ಎಲ್ಲವೂ ಕೆಟ್ಟದಾಗಿರಲಿಲ್ಲ. ಒಂದನೇ ತರಗತಿಯಲ್ಲಿ ಅವನಿಗೆ ಒಬ್ಬ ಅತಿಥಿ ಶಿಕ್ಷಕಿ ಇದ್ದರು. ಚಿಕ್ಕ ವಯಸ್ಸು. ಆಟಿಸಂ ಬಗ್ಗೆ ಯಾವ ತರಬೇತಿಯೂ ಅವರಿಗೆ ಆಗಿರಲಿಲ್ಲ. ಆದರೆ ನನ್ನನ್ನು ಕೂರಿಸಿಕೊಂಡು ಕೇಳಿದರು. ಇವನಿಗೆ ಏನು ಇಷ್ಟ, ಏನಕ್ಕೆ ಹೆದರುತ್ತಾನೆ, ಸಿಟ್ಟು ಬಂದಾಗ ನೀವು ಏನು ಮಾಡುತ್ತೀರಿ ಅಂತ. ಮರುದಿನ ಒಂದು ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಐದು ಚಿತ್ರ ಬರೆದು ತಂದರು. ಕೈ ಮುಗಿದ ಮಕ್ಕಳು, ಸ್ಲೇಟು, ಊಟದ ತಾಟು, ಚೆಂಡು, ಮನೆ. ಅದನ್ನು ಅವನು ಕೂರುವ ಜಾಗದ ಪಕ್ಕದ ಗೋಡೆಗೆ ಅಂಟಿಸಿದರು. ಬಟ್ಟೆ ಒಣಹಾಕುವ ಒಂದು ಕ್ಲಿಪ್ ಕೊಟ್ಟರು. ಪ್ರಾರ್ಥನೆ ಮುಗಿದರೆ ಕ್ಲಿಪ್ ಸ್ಲೇಟಿನ ಮೇಲೆ ಬರಬೇಕು. ಪಾಠ ಮುಗಿದರೆ ತಾಟಿನ ಮೇಲೆ. ಮುಂದೆ ಏನು ಅಂತ ಗೊತ್ತಾದರೆ ಇವನಿಗೆ ಅರ್ಧ ಹೆದರಿಕೆ ಹೋಗುತ್ತದೆ. ಮನೆಗೆ ಹೋಗುವುದು ಕೊನೆಯ ಚಿತ್ರ ಅಂತ ತಿಳಿದ ಮೇಲೆ ಬಾಗಿಲ ಕಡೆ ಓಡುವುದನ್ನು ಬಿಟ್ಟ.

ಪ್ರಾರ್ಥನೆಗೆ ಅವನನ್ನು ಮೈಕಿನಿಂದ ದೂರ, ಬೇವಿನ ಮರದ ಹತ್ತಿರ ನಿಲ್ಲಿಸುತ್ತಿದ್ದರು. ಗಂಟೆ ಹೊಡೆಯುವ ಮೊದಲೇ ಅವನಿಗೆ ಊಟ ಬಡಿಸುತ್ತಿದ್ದರು. ತರಗತಿಯಲ್ಲಿ ಗದ್ದಲ ಜಾಸ್ತಿಯಾದರೆ ಸೀಮೆಸುಣ್ಣದ ಡಬ್ಬಿ ಕೈಗೆ ಕೊಟ್ಟು ಆಫೀಸ್ ಕೋಣೆಗೆ ಇಟ್ಟು ಬಾ ಅಂತ ಕಳಿಸುತ್ತಿದ್ದರು. ಹೋಗಿ ಬರುವಷ್ಟರಲ್ಲಿ ಅವನೂ ಸಮಾಧಾನ ಆಗಿರುತ್ತಿದ್ದ, ತರಗತಿಯೂ ಆಗಿರುತ್ತಿತ್ತು. ಪಕ್ಕಕ್ಕೆ ಪ್ರತಿದಿನ ಅದೇ ಹುಡುಗನನ್ನು ಕೂರಿಸುತ್ತಿದ್ದರು. ಆ ಹುಡುಗ ಎಷ್ಟು ಬೇಗ ಕಲಿತ ಅಂದರೆ, ಇವನು ಕಿವಿಗೆ ಕೈ ಒಯ್ಯುವ ಮೊದಲೇ "ಟೀಚರ್, ಇವಗ ಸಾಕಾಗೈತ್ರಿ" ಅಂತ ಹೇಳುತ್ತಿದ್ದ. ಊಟಕ್ಕೆ ಕೂತಾಗ ಇವನ ಸುತ್ತಲಿನ ಮಕ್ಕಳು ತಾಟನ್ನು ಮೆಲ್ಲಗೆ ಇಡುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅವರಿಗೆ ಯಾರೂ ಭಾಷಣ ಮಾಡಿರಲಿಲ್ಲ. ಇಂಥ ಮಗು ಜೊತೆಗಿದ್ದರೆ ನಮ್ಮ ಮಕ್ಕಳು ಕೆಡುತ್ತಾರೆ ಅನ್ನುವ ಪಾಲಕರು ಒಂದು ದಿನ ಆ ಊಟದ ಸಾಲನ್ನು ನೋಡಬೇಕಿತ್ತು.

ಸಂಕ್ರಾಂತಿ ಹೊತ್ತಿಗೆ ಮಗ ತನ್ನ ಹೆಸರು ಬರೆಯುತ್ತಿದ್ದ. ಶನಿವಾರ ಮಧ್ಯಾಹ್ನ ಮನೆಗೆ ಬಂದು "ನಾಳೆ ಸಾಲಿ?" ಅಂತ ಕೇಳುತ್ತಿದ್ದ. ಅದು ಯಾರೋ ಹೇಳಿದ ಮಾತನ್ನು ತಿರುಗಿ ಹೇಳಿದ್ದಲ್ಲ. ಅವನದೇ ಪ್ರಶ್ನೆ.

ಶೈಕ್ಷಣಿಕ ವರ್ಷ ಮುಗಿಯಿತು, ಅತಿಥಿ ಶಿಕ್ಷಕಿಯ ಅವಧಿಯೂ ಮುಗಿಯಿತು. ಮರುವರ್ಷ ಅವರು ಬೇರೆ ಊರಿನ ಶಾಲೆಗೆ ಹೋದರು. ರಜೆಯಲ್ಲಿ ಕೋಣೆಗೆ ಸುಣ್ಣ ಬಳಿಯುವಾಗ ಆ ಲಗ್ನಪತ್ರಿಕೆ ಕಿತ್ತುಹೋಯಿತು. ಹೊಸ ಶಿಕ್ಷಕರಿಗೆ ಕ್ಲಿಪ್ಪಿನ ವಿಷಯ, ಬೇವಿನ ಮರದ ವಿಷಯ, ಊಟದ ವಿಷಯ ಯಾರೂ ಹೇಳಲಿಲ್ಲ. ನಾನು ಹೇಳಲು ಹೋದರೆ "ನೋಡೂಣ್ರಿ" ಅಂದರು. ಆಮೇಲೆ ನಡೆದದ್ದನ್ನು ಮೇಲೆ ಬರೆದಿದ್ದೇನೆ. ಒಂದು ವರ್ಷ ಕಷ್ಟಪಟ್ಟು ಕಟ್ಟಿದ್ದು ಒಂದು ಬೇಸಿಗೆಯಲ್ಲಿ ಹೋಯಿತು. ಕಾರಣ ಇಷ್ಟೇ, ಅದನ್ನು ಎಲ್ಲೂ ಬರೆದಿಟ್ಟಿರಲಿಲ್ಲ.

ನಿಮ್ಮ ಕಷ್ಟವೂ ನನಗೆ ಗೊತ್ತು. ಒಬ್ಬರೇ ಎರಡು ಮೂರು ತರಗತಿ ನೋಡುತ್ತೀರಿ. ಮೊಟ್ಟೆ ಲೆಕ್ಕ, ಸಮೀಕ್ಷೆ, ಚುನಾವಣೆ, ಆನ್‌ಲೈನ್ ಮಾಹಿತಿ ಎಲ್ಲ ನಿಮ್ಮ ತಲೆ ಮೇಲಿದೆ. ಆದರೂ ಒಂದು ಮಾತು. 1ರಿಂದ 3ನೇ ತರಗತಿವರೆಗೆ ನೀವು ನಲಿ-ಕಲಿ ನಡೆಸುತ್ತೀರಿ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾಗಿ ಇಡೀ ರಾಜ್ಯಕ್ಕೆ ಬಂದ ಪದ್ಧತಿ ಅದು. ಚಿತ್ರವಿರುವ ಕಾರ್ಡುಗಳು, ಒಂದೊಂದೇ ಮೆಟ್ಟಿಲು, ಒಂದೇ ಕೋಣೆಯಲ್ಲಿ ಪ್ರತಿ ಮಗು ತನ್ನ ವೇಗಕ್ಕೆ ತಾನು ಕಲಿಯುವುದು. ನನ್ನ ಮಗನಿಗೆ ಬೇಕಾಗಿರುವುದೂ ಬಹುಪಾಲು ಇದೇ ಅಲ್ವಾ? ನಿಮ್ಮ ಕೈಯಲ್ಲಿ ಈಗಾಗಲೇ ಇರುವ ಪದ್ಧತಿ ಇದು. ಅದರಲ್ಲಿ ಅವನಿಗೂ ಒಂದು ಜಾಗ ಕೊಡಿ ಅಂತ ಕೇಳುತ್ತಿದ್ದೇನೆ.

ಕಾನೂನಿನ ಮಾತೂ ಬರೆಯಲೇಬೇಕು. ನಾನು ಪಿಯುಸಿವರೆಗೆ ಓದಿದವಳು. ತಿಳಿದವರನ್ನು ಕೇಳಿ, ಪುಸ್ತಕ ತರಿಸಿಕೊಂಡು ಓದಿದ್ದೇನೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಅಂಗವೈಕಲ್ಯಗಳಿದ್ದವು, ಆಟಿಸಂ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇಪ್ಪತ್ತೊಂದು ಇವೆ, ಆಟಿಸಂ ಅದರಲ್ಲಿದೆ. 2017ರ ಏಪ್ರಿಲ್ 19ರಿಂದ ಅದು ಜಾರಿಯಲ್ಲಿದೆ. ಸರ್ಕಾರ ನಡೆಸುವ, ಅನುದಾನ ಕೊಡುವ ಅಥವಾ ಮಾನ್ಯತೆ ನೀಡಿದ ಶಾಲೆಗಳು ಭೇದ ಮಾಡದೆ ಮಕ್ಕಳನ್ನು ಸೇರಿಸಿಕೊಳ್ಳಬೇಕು, ಆ ಮಗುವಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು ಅಂತ ಅದರ 16ನೇ ಸೆಕ್ಷನ್ ಇದೆ. ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ತನಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ ಅಂತ 31ನೇ ಸೆಕ್ಷನ್ ಹೇಳುತ್ತದೆ.

"ಮನೆಯಲ್ಲೇ ಶಿಕ್ಷಣ ಕೊಡಿಸಬಹುದು, ಅದಕ್ಕೂ ಅವಕಾಶ ಇದೆ" ಅಂತ ಕೆಲವರು ಹೇಳುತ್ತಾರೆ. ಇದೆ, ಹೌದು. 2012ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿ ಆದಾಗ ಬಂದದ್ದು. ಅದು ತೀವ್ರ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಕ್ಕಳಿಗೆ. ಅವರು ಬೇಕಿದ್ದರೆ ಆರಿಸಿಕೊಳ್ಳಬಹುದು. ಆರಿಸುವ ಹಕ್ಕು ಮಗುವಿನ ಕಡೆಯದು, ಶಾಲೆಯ ಕಡೆಯದಲ್ಲ. ಆರಿಸಿಕೊಂಡವರಿಗೆ ಶಿಕ್ಷಕರು ಮನೆಗೆ ಬಂದು ಕಲಿಸಬೇಕು. ನಮ್ಮ ಮನೆಗೆ ಯಾರೂ ಬಂದಿಲ್ಲ. ಬರೀ ಹಾಜರಿ ಬೀಳುತ್ತಿದೆ.

ಆ ಸುಳ್ಳು ಹಾಜರಿಯಿಂದ ಆಗುವ ದೊಡ್ಡ ತೊಂದರೆ ಇದು. ಮಗು ಬಂದಿಲ್ಲ ಅಂತ ಬರೆದರೆ ಯಾಕೆ ಬಂದಿಲ್ಲ ಅಂತ ಯಾರಾದರೂ ಕೇಳುತ್ತಾರೆ. ಬಂದಿದ್ದಾನೆ ಅಂತ ಬರೆದರೆ ಕೇಳುವವರೇ ಇಲ್ಲ. ಇಂಥ ಮಕ್ಕಳಿಗಾಗಿಯೇ ತಾಲ್ಲೂಕಿನಲ್ಲಿ ಕೆಲಸ ಮಾಡುವ ಬಿಐಇಆರ್‌ಟಿ ಗುರುಗಳಿಗೂ ನನ್ನ ಮಗ ಶಾಲೆಯಲ್ಲಿ ಚೆನ್ನಾಗಿದ್ದಾನೆ ಅಂತಲೇ ಕಾಣುತ್ತದೆ. ಮೇಲಿನವರಿಗೂ ಹಾಗೇ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ ಪ್ರಪಂಚದಲ್ಲಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ ಸುಮಾರು 18.9 ಲಕ್ಷ. ಇದೇ ಲೆಕ್ಕ ಹಿಡಿದರೆ ದೊಡ್ಡವರು ಚಿಕ್ಕವರು ಸೇರಿ ಹದಿನಾಲ್ಕು ಸಾವಿರ ದಾಟುತ್ತದೆ. ಮುಖ್ಯ ಗುರುಗಳೇ, ನಿಮ್ಮ ಶಾಲೆಯ ದಾಖಲೆಯಲ್ಲಿ ಆಟಿಸಂ ಅಂತ ಎಷ್ಟು ಮಕ್ಕಳಿದ್ದಾರೆ, ಒಮ್ಮೆ ತೆಗೆದು ನೋಡಿ. ದಡ್ಡ, ತುಂಟ, ಮೂಗ ಅಂತ ಕರೆಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿರುವ ಮಕ್ಕಳನ್ನೂ ಒಮ್ಮೆ ನೋಡಿ.

ಮನೆಯಲ್ಲಿ ಇಟ್ಟುಕೊಂಡರೆ ಏನಾಗುತ್ತದೆ ಅಂತಲೂ ತಿಳಿಯಬೇಕು ನೀವು. ಮಗ ಮನೆಯಲ್ಲಿದ್ದರೆ ನಾನು ರಾಟೆ ಮುಂದೆ ಕೂರಲಾಗುವುದಿಲ್ಲ. ಕಂಡಿಕೆ ಇಲ್ಲದಿದ್ದರೆ ಯಜಮಾನರ ಲಾಳಿ ಓಡುವುದಿಲ್ಲ. ಸೀರೆ ತಡವಾದರೆ ಕೂಲಿಯೂ ತಡ. ಬೇರೆ ಊರಿನ ಒಂದು ಖಾಸಗಿ ಶಾಲೆಯಲ್ಲಿ ಕೇಳಿದ್ದೆವು. ಅವನ ಜೊತೆ ಕೂರಲು ಒಬ್ಬರನ್ನು ನೀವೇ ಸಂಬಳ ಕೊಟ್ಟು ಕಳಿಸಿ ಅಂದರು. ನಮ್ಮ ಕೈಲಿ ಆಗುವ ಮಾತಲ್ಲ. ಇದೆಲ್ಲ ನಾವು ಹೇಗೋ ತಡೆದುಕೊಳ್ಳುತ್ತೇವೆ. ಆದರೆ ಅವನ ವಯಸ್ಸಿನ ಮಕ್ಕಳನ್ನು ನಾನು ಮನೆಯಲ್ಲಿ ಎಲ್ಲಿಂದ ತರಲಿ? ಪಕ್ಕ ಕೂರುತ್ತಿದ್ದ ಹುಡುಗ ಈಗಲೂ ಶಾಲೆ ಬಿಟ್ಟ ಮೇಲೆ ಒಮ್ಮೊಮ್ಮೆ ಬರುತ್ತಾನೆ. ತನ್ನ ನೋಟ್‌ಬುಕ್ ತೆರೆದು ತೋರಿಸುತ್ತಾನೆ. ಮಗ ಅವನ ಮುಖ ನೋಡುವುದಿಲ್ಲ, ಆದರೆ ಅವನು ಹೋಗುವವರೆಗೆ ಪಕ್ಕದಿಂದ ಏಳುವುದೂ ಇಲ್ಲ.

ನಾನು ಕೇಳುವುದು ಇಷ್ಟು.

ಮುಖ್ಯ ಗುರುಗಳೇ, ಬಾರದ ಮಗುವಿಗೆ ಹಾಜರಿ ಹಾಕಬೇಡಿ. ಬಂದಿಲ್ಲ ಅಂತಲೇ ಬರೆಯಿರಿ, ಆ ವಾರವೇ ತಾಯಿ ತಂದೆಯನ್ನು ಕರೆಸಿ ಕಾರಣ ಕೇಳಿ. ಇಂಥ ಪ್ರತಿ ಮಗುವಿಗೆ ಒಂದೇ ಒಂದು ಪುಟ ಬರೆದಿಡಿ. ಏನು ಇಷ್ಟ, ಯಾವ ಸದ್ದಿಗೆ ಹೆದರುತ್ತದೆ, ಹೇಗೆ ಮಾತಾಡುತ್ತದೆ, ಎಲ್ಲಿ ಕೂರಿಸಿದರೆ ಸಮಾಧಾನ, ಹಿಂದಿನ ಶಿಕ್ಷಕರು ಏನು ಮಾಡಿದ್ದು ಫಲ ಕೊಟ್ಟಿತು. ಶಿಕ್ಷಕರು ಬದಲಾದಾಗ ವರ್ಗಾವಣೆಯ ಕಾಗದಗಳ ಜೊತೆ ಆ ಪುಟವೂ ಹೊಸಬರ ಕೈಗೆ ಹೋಗಬೇಕು. ಪ್ರಾರ್ಥನೆಗೆ ದೂರ ನಿಲ್ಲಲು, ಊಟ ಸ್ವಲ್ಪ ಮೊದಲೇ ಮಾಡಲು, ಗದ್ದಲವಾದಾಗ ಹೊರಗೆ ಹೋಗಿ ಬರಲು ಅನುಮತಿ ಕೊಡಿ. ಶುರುವಿನ ಕೆಲವು ವಾರ ತಾಯಿ ತರಗತಿಯಲ್ಲಿ ಕೂರಬೇಕು ಅಂದರೆ ನಾನು ಬಂದು ಕೂರುತ್ತೇನೆ.

ಕ್ಷೇತ್ರ ಶಿಕ್ಷಣಾಧಿಕಾರಿಗಳೇ, ಬಿಐಇಆರ್‌ಟಿ ಗುರುಗಳು ಯಾವ ಶಾಲೆಗೆ ಯಾವ ದಿನ ಬರುತ್ತಾರೆ ಅಂತ ಪ್ರತಿ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಹಾಕಿಸಿ. ನಮ್ಮಂಥ ಪಾಲಕರು ಆ ದಿನ ಬಂದು ಅವರನ್ನು ಕಾಣಬಹುದು. ಮನೆ ಶಿಕ್ಷಣಕ್ಕೆ ಹಾಕಿರುವ ಮಕ್ಕಳ ಹೆಸರು ತೆಗೆದು, ಅವರ ಪಾಲಕರು ತಿಳಿದು ಒಪ್ಪಿ ಬರೆದುಕೊಟ್ಟಿದ್ದಾರಾ ಅಂತ ಒಬ್ಬೊಬ್ಬರನ್ನೇ ಕೇಳಿಸಿ.

ಮಾನ್ಯ ಉಪನಿರ್ದೇಶಕರೇ, ವಿಶೇಷ ಶಿಕ್ಷಕರ ಬಗ್ಗೆ ಸುಪ್ರೀಂ ಕೋರ್ಟ್ 2021ರಲ್ಲೇ ತೀರ್ಪು ಕೊಟ್ಟಿದೆ. ಅದರ ಮೇಲೆ ಕೇಂದ್ರ ಸರ್ಕಾರ 2022ರಲ್ಲಿ ಪ್ರಾಥಮಿಕ ಹಂತಕ್ಕೆ ಇಂಥ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಅಂತ ಗೊತ್ತುಮಾಡಿತು. ಹುದ್ದೆ ಮಂಜೂರು ಮಾಡುವುದು ನಿಮ್ಮ ಕೈಯಲ್ಲಿಲ್ಲ, ನನಗೆ ಗೊತ್ತು. ಆದರೆ ನಮ್ಮ ಜಿಲ್ಲೆಯಲ್ಲಿ ಇಂಥ ಮಕ್ಕಳೆಷ್ಟು, ಬೇಕಾದ ಶಿಕ್ಷಕರೆಷ್ಟು, ಇರುವವರೆಷ್ಟು ಅಂತ ತಾಲ್ಲೂಕುವಾರು ಲೆಕ್ಕ ತೆಗೆದು ಜನರ ಮುಂದೆ ಇಡುವುದು ನಿಮ್ಮ ಕೈಯಲ್ಲಿದೆ. ಹಾಜರಿ ಸರಿಯಾದರೆ ಮಾತ್ರ ಆ ಲೆಕ್ಕ ಸರಿಯಾಗುತ್ತದೆ. ಇನ್ನೊಂದು, ಜಿಲ್ಲೆಯ ಶಿಕ್ಷಕರಿಗೆ ತರಬೇತಿ ಕೊಡುವ ಡಯಟ್ ನಮ್ಮ ಇಳಕಲ್‌ನಲ್ಲೇ ಇದೆ. ಶಾಲೆ ಶುರುವಾದ ಮೊದಲ ತಿಂಗಳಲ್ಲಿ ಒಂದನೇ ಎರಡನೇ ಮೂರನೇ ತರಗತಿಯ ಶಿಕ್ಷಕರಿಗೆ, ಅತಿಥಿ ಶಿಕ್ಷಕರನ್ನೂ ಸೇರಿಸಿ, ಅಲ್ಲಿ ಆಟಿಸಂ ಬಗ್ಗೆ ತರಬೇತಿ ಇಡಿಸಿ. ಅದರಲ್ಲಿ ಅರ್ಧ ದಿನ ತಾಯಂದಿರಿಗೆ ಮಾತಾಡಲು ಬಿಡಿ. ನಾವು ಕೆಲವರು ಬರಲು ಸಿದ್ಧರಿದ್ದೇವೆ. ಹಣ ಕೇಳುವುದಿಲ್ಲ.

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ದಿನ ನಾನು ಮಗನನ್ನು ಕರೆದುಕೊಂಡು ಮೂರನೇ ತರಗತಿಗೆ ಬರುತ್ತೇನೆ. ಅವನ ಬಗ್ಗೆ ಒಂದು ಪುಟ ನಾನೇ ಬರೆದು ತರುತ್ತೇನೆ. ಐದು ಚಿತ್ರದ ಹಾಳೆಯನ್ನೂ ಒಂದು ಕ್ಲಿಪ್ಪನ್ನೂ ತರುತ್ತೇನೆ. ಗುರುಗಳೇ, ಆ ಪುಟ ಓದಿ, ಸಹಿ ಹಾಕಿ, ತರಗತಿ ಶಿಕ್ಷಕರ ಕೈಗೆ ಕೊಡಿ. ಅವತ್ತಿನ ಹಾಜರಿಯನ್ನು ಅವನು ಒಳಗೆ ಬಂದು ಕೂತ ಮೇಲೆ ಹಾಕಿ.

ವಂದನೆಗಳೊಂದಿಗೆ,
ಒಬ್ಬ ತಾಯಿ
ಇಳಕಲ್, ಬಾಗಲಕೋಟೆ ಜಿಲ್ಲೆ